ರ್‍ಯಾಮ್ ಕೊಳ್ಳುವ ಮೊದಲು ಬೋರ್ಡಿನ ಹೆಸರು ಓದಿ: ನಿಮ್ಮ ಡೆಸ್ಕ್‌ಟಾಪ್‌ಗೆ ಹೊಂದುವ ಮೆಮೊರಿ ಯಾವುದು?

ತಿಪಟೂರಿನಲ್ಲಿ ನನ್ನ ಷಡ್ಡಕನದ್ದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಫ್ಲೆಕ್ಸ್ ಡಿಸೈನು, ಜೆರಾಕ್ಸು. ಮದುವೆ ಸೀಸನ್ ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ. ಅಂಥ ಒಂದು ಸೀಸನ್ನಿನಲ್ಲೇ ಅವನ ಕಂಪ್ಯೂಟರ್ ತೆವಳತೊಡಗಿತು. ಇದ್ದದ್ದು 4 ಜಿಬಿ ರ್‍ಯಾಮ್. ಕೋರೆಲ್‌ಡ್ರಾ ತೆರೆದು ಪಕ್ಕದಲ್ಲಿ ಬ್ರೌಸರ್ ತೆರೆದರೆ ಮುಗಿಯಿತು, ಎದ್ದು ಹೋಗಿ ಕಾಫಿ ಕುಡಿದು ಬರಬಹುದು. ಆನ್‌ಲೈನ್‌ನಲ್ಲಿ ಹುಡುಕಿ, ‘8 ಜಿಬಿ ಡಿಡಿಆರ್3 1600’ ಎಂದಿದ್ದ ಸ್ಟಿಕ್‌ಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನು ತರಿಸಿದ. ಹಾಕಿದ. ಫ್ಯಾನ್ ತಿರುಗಿತು, ಡಿಸ್‌ಪ್ಲೇ ಬರಲಿಲ್ಲ. ಸ್ಟಿಕ್ ತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದ, ಊದಿದ, ಸ್ಲಾಟ್ ಬದಲಿಸಿದ. ಊಹೂಂ. ರಾತ್ರಿ ಹತ್ತು ಗಂಟೆಗೆ ನನಗೆ ಫೋನ್.

ಸ್ಟಿಕ್ ಕೆಟ್ಟಿರಲಿಲ್ಲ. ಜಾಹೀರಾತಿನಲ್ಲಿದ್ದ ಮೂರು ಮಾತೂ ನಿಜ. 8 ಜಿಬಿ ಹೌದು, ಡಿಡಿಆರ್3 ಹೌದು, 1600ರ ಸ್ಪೀಡೂ ಹೌದು. ಆದರೂ ಅವನ ಕಂಪ್ಯೂಟರ್‌ನ ಮದರ್‌ಬೋರ್ಡಿಗೆ ಅದು ಹೊಂದುವ ಮಾಲಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಂಗಡಿಗೆ ಹೋದರೆ ಮೊದಲ ಪ್ರಶ್ನೆ ‘ಎಷ್ಟು ಜಿಬಿ ಬೇಕು ಸಾರ್?’ ಎಂದೇ ಇರುತ್ತದೆ. ಅದಕ್ಕೆ ಉತ್ತರ ಆಮೇಲೆ ಹೇಳಿದರಾಯಿತು. ಮೊದಲು ನಿಮ್ಮ ಬಳಿ ಇರಬೇಕಾದದ್ದು ಎರಡು ಹೆಸರು: ಬೋರ್ಡ್ ಯಾವುದು, ಪ್ರೊಸೆಸರ್ ಯಾವುದು. ವಿಂಡೋಸ್‌ನಲ್ಲಿ ‘ಸಿಸ್ಟಮ್ ಇನ್ಫರ್ಮೇಶನ್’ ತೆರೆದರೆ ಎರಡೂ ಸಿಗುತ್ತವೆ. ‘ಬೇಸ್‌ಬೋರ್ಡ್ ಪ್ರಾಡಕ್ಟ್’ ಎನ್ನುವ ಸಾಲಿನಲ್ಲಿರುವುದೇ ಬೋರ್ಡಿನ ಮಾಡೆಲ್. ಕಂಪ್ಯೂಟರ್ ಆನ್ ಆಗದಿದ್ದರೆ ಪಕ್ಕದ ಮುಚ್ಚಳ ಬಿಚ್ಚಿ ನೋಡಿ. ಪ್ರೊಸೆಸರ್ ಮತ್ತು ಸ್ಲಾಟ್‌ಗಳ ಆಸುಪಾಸಿನಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಟಾಸ್ಕ್ ಮ್ಯಾನೇಜರ್‌ನ ‘ಪರ್ಫಾರ್ಮೆನ್ಸ್’ ಪುಟದಲ್ಲಿ ‘ಮೆಮೊರಿ’ ಒತ್ತಿದರೆ ಎಷ್ಟು ಸ್ಲಾಟ್ ತುಂಬಿವೆ, ಯಾವ ಸ್ಪೀಡಿನಲ್ಲಿ ಓಡುತ್ತಿದೆ ಎಂಬುದೂ ಕಾಣುತ್ತದೆ. ಈ ಎರಡು ಪುಟಗಳ ಫೋಟೋ ಮೊಬೈಲ್‌ನಲ್ಲಿದ್ದರೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಯಾರಿಗೂ ನಿಮ್ಮನ್ನು ಯಾಮಾರಿಸುವುದು ಸುಲಭವಲ್ಲ.

ಮೂರು ತಲೆಮಾರು, ಮೂರು ಕಚ್ಚು

ಈಗ ಮನೆ, ಅಂಗಡಿಗಳಲ್ಲಿರುವ ಡೆಸ್ಕ್‌ಟಾಪ್‌ಗಳಲ್ಲಿ ಮೂರು ಬಗೆಯ ರ್‍ಯಾಮ್ ಸಿಗುತ್ತದೆ. ಡಿಡಿಆರ್3 2007ರಲ್ಲಿ ಬಂತು, 1.5 ವೋಲ್ಟ್‌ನಲ್ಲಿ ನಡೆಯುತ್ತದೆ, 240 ಪಿನ್ನು. ಡಿಡಿಆರ್4 ಮಾರುಕಟ್ಟೆಗೆ ಬಂದದ್ದು 2014ರಲ್ಲಿ, 1.2 ವೋಲ್ಟ್, 288 ಪಿನ್ನು. ಡಿಡಿಆರ್5ಗೂ 288 ಪಿನ್ನೇ, ವೋಲ್ಟೇಜ್ 1.1. ಅದರ ಮಾನದಂಡ 2020ರಲ್ಲಿ ಹೊರಬಂತು, 2021ರ ಕೊನೆಗೆ ಇಂಟೆಲ್‌ನ 12ನೇ ಪೀಳಿಗೆಯ ಪ್ರೊಸೆಸರ್‌ಗಳ ಜೊತೆ ಡೆಸ್ಕ್‌ಟಾಪ್‌ಗೆ ಇಳಿಯಿತು. ಪಿನ್ನಿನ ಲೆಕ್ಕ ಒಂದೇ ಅಂದಮಾತ್ರಕ್ಕೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕೆಳಗಿನ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಕೂರದಿದ್ದರೆ ಒತ್ತಬೇಡಿ. ಒತ್ತಿ ಸ್ಲಾಟ್ ಸೀಳಿದವರನ್ನು ನೋಡಿದ್ದೇನೆ.

ಈ ಮೂರರಲ್ಲಿ ಯಾವುದು ಬೇಕು ಎನ್ನುವುದು ಬಹುತೇಕ ನಿಮ್ಮ ಕೈಯಲ್ಲಿಲ್ಲ, ಬೋರ್ಡು ಆಗಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ಎಎಂಡಿ ಕಂಪನಿಯ ಪ್ರೊಸೆಸರ್ ಕೂರುವ ಎಎಂ4 ಬೋರ್ಡುಗಳಿಗೆ, ಅಂದರೆ ಎ320, ಬಿ450, ಬಿ550 ಇಂಥವಕ್ಕೆ, ಡಿಡಿಆರ್4 ಮಾತ್ರ. 2022ರಲ್ಲಿ ಬಂದ ಎಎಂ5ಗೆ ಡಿಡಿಆರ್5 ಮಾತ್ರ. ಇಂಟೆಲ್‌ನಲ್ಲಿ 2ರಿಂದ 4ನೇ ಪೀಳಿಗೆಯ ಮಾಮೂಲಿ ಡೆಸ್ಕ್‌ಟಾಪ್‌ಗಳಿಗೆ ಡಿಡಿಆರ್3. 8ರಿಂದ 11ನೇ ಪೀಳಿಗೆ ಡಿಡಿಆರ್4.

ಗೊಂದಲ ಇರುವುದು 12, 13, 14ನೇ ಪೀಳಿಗೆಯಲ್ಲಿ. ಈ ಪ್ರೊಸೆಸರ್‌ಗಳು ಡಿಡಿಆರ್4, ಡಿಡಿಆರ್5 ಎರಡನ್ನೂ ಬಲ್ಲವು. ಬೋರ್ಡು ಮಾತ್ರ ಬಹುತೇಕ ಒಂದನ್ನೇ ಆರಿಸಿಕೊಂಡಿರುತ್ತದೆ. ಬಿ660 ಎಂದಷ್ಟೇ ಹೇಳಿದರೆ ಅರ್ಧ ಹೆಸರು ಹೇಳಿದ ಹಾಗೆ. ಡಿಡಿಆರ್4 ಬೋರ್ಡಾದರೆ ಸಾಮಾನ್ಯವಾಗಿ ಹೆಸರಿನ ಬಾಲದಲ್ಲಿ ‘ಡಿ4’ ಅಥವಾ ‘ಡಿಡಿಆರ್4’ ಎಂದಿರುತ್ತದೆ. ಆ ಬಾಲವನ್ನೂ ಸೇರಿಸಿ ಬರೆದುಕೊಳ್ಳಿ. ಪ್ರೊಸೆಸರ್ ಹೆಸರು ನೋಡಿ ರ್‍ಯಾಮ್ ತಂದು, ಮಾರನೇ ದಿನ ವಾಪಸ್ ಕೊಡಲು ಬರುವವರು ಎಡವುವುದು ಇಲ್ಲೇ.

ಹಳೇ ಡಿಡಿಆರ್3 ಬೋರ್ಡಿಗೆ ದುಡ್ಡು ಹಾಕಬೇಕಾ?

ಷಡ್ಡಕನ ಬೋರ್ಡು ಎಚ್81. 4ನೇ ಪೀಳಿಗೆಯ ಐ3 ಪ್ರೊಸೆಸರ್ ಅದರಲ್ಲಿದೆ. ಎರಡೇ ಸ್ಲಾಟು, ಒಟ್ಟು 16 ಜಿಬಿಯ ಮಿತಿ. ಅದಕ್ಕೂ ಹಳೆಯ ಎಚ್61 ಬೋರ್ಡಿನ ಕತೆಯೂ ಹೀಗೆಯೇ. 16 ಜಿಬಿಯ ಒಂದೇ ಸ್ಟಿಕ್ ಹಾಕುತ್ತೇನೆ ಎಂದರೆ ಆಗುವುದಿಲ್ಲ, ಒಂದು ಸ್ಲಾಟಿಗೆ 8ರವರೆಗೆ ಮಾತ್ರ.

ಆ 8 ಜಿಬಿಯಲ್ಲೂ ಒಳಗುಟ್ಟೊಂದಿದೆ. ಒಂದು ಸ್ಟಿಕ್‌ನ ಜಿಬಿಯನ್ನು ಹಲವು ಚಿಪ್‌ಗಳು ಹಂಚಿಕೊಂಡಿರುತ್ತವೆ. ಹೇಗೆ ಹಂಚಿಕೊಂಡಿವೆ ಎನ್ನುವುದು ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್‌ಗೆ ಅರ್ಥವಾಗಬೇಕು. ಇಂಟೆಲ್‌ನ ಈ ಹಳೆಯ ಪೀಳಿಗೆಗಳಿಗೆ ಬೇಕಾದದ್ದು ಲೇಬಲ್ ಮೇಲೆ ‘2ಆರ್‌ಎಕ್ಸ್8’ ಎಂದಿರುವ 8 ಜಿಬಿ ಸ್ಟಿಕ್. ಎರಡೂ ಬದಿಯಲ್ಲಿ ಎಂಟೆಂಟು ಚಿಪ್ ಇರುತ್ತವೆ. ಷಡ್ಡಕ ತರಿಸಿದ್ದರಲ್ಲೂ ಹದಿನಾರೇ ಚಿಪ್ ಇದ್ದವು. ಆದರೆ ಅವು ಬೇರೆ ಜೋಡಣೆಯವು, ಎಎಂಡಿಯ ಹಳೇ ಬೋರ್ಡುಗಳಲ್ಲಿ ಮಾತ್ರ ನಡೆಯುವಂಥವು. ಪುಟದ ತೀರಾ ಕೆಳಗೆ, ಯಾರೂ ಓದದ ಜಾಗದಲ್ಲಿ, ‘ಎಎಂಡಿಗೆ ಮಾತ್ರ’ ಎಂದು ಬರೆದಿದ್ದರಂತೆ. ಡಿಡಿಆರ್3ಯಲ್ಲಿ 8 ಜಿಬಿ ಸ್ಟಿಕ್ ಉಳಿದವುಗಳಿಗಿಂತ ತೀರಾ ಅಗ್ಗಕ್ಕೆ ಕಂಡರೆ ಮೊದಲು ಈ ಅನುಮಾನ ಬರಲಿ.

ಹೊಂದುವ ಸ್ಟಿಕ್ ಸಿಕ್ಕಿತು ಅಂತಿಟ್ಟುಕೊಳ್ಳಿ. ಆದರೂ ದುಡ್ಡು ಹಾಕುವುದು ಸರಿಯಾ? ನನ್ನ ಲೆಕ್ಕ ಹೀಗಿದೆ. ಆ ಕಂಪ್ಯೂಟರ್‌ನಲ್ಲಿ ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ, ಮೊದಲ ದುಡ್ಡು ಅದಕ್ಕಿಂತ ವೇಗದ ಎಸ್‌ಎಸ್‌ಡಿಗೆ ಹೋಗಲಿ. 4 ಜಿಬಿ ಇದ್ದರೆ 8ಕ್ಕೆ ಏರಿಸಿ, ಅದು ಕಣ್ಣಿಗೆ ಕಾಣುವ ವ್ಯತ್ಯಾಸ. ಈಗಾಗಲೇ 8 ಇದ್ದು 16 ಮಾಡುತ್ತೇನೆ ಎಂದರೆ ಸ್ವಲ್ಪ ತಡೆಯಿರಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ 8ನೇ ಪೀಳಿಗೆಯಿಂದಷ್ಟೇ. ಲಿನಕ್ಸ್ ಹಾಕಿಕೊಳ್ಳುವವರಾದರೆ ಮಾತು ಬೇರೆ. ಇಲ್ಲದಿದ್ದರೆ ಆ ಹಣ ಮುಂದಿನ ಕಂಪ್ಯೂಟರ್‌ಗೆ ಇರಲಿ.

ಷಡ್ಡಕನಿಗೆ ಎಸ್.ಪಿ. ರೋಡಿನಿಂದ ಎರಡು ಸೆಕೆಂಡ್ ಹ್ಯಾಂಡ್ ಸ್ಟಿಕ್ ತಂದುಕೊಟ್ಟೆ, 4 ಜಿಬಿಯವು ಎರಡು. ಹಳೇ ಆಫೀಸ್ ಕಂಪ್ಯೂಟರ್‌ಗಳಿಂದ ಬಿಚ್ಚಿದ ಮಾಲು ಅಲ್ಲಿ ಬೇಕಾದಷ್ಟು ಸಿಗುತ್ತದೆ. ಕೊಳ್ಳುವಾಗ ಲೇಬಲ್‌ನಲ್ಲಿ ‘ಪಿಸಿ3-12800’ ಎಂಬುದರ ನಂತರದ ಅಕ್ಷರ ನೋಡಿ. ‘ಯು’ ಇದ್ದರೆ ಮಾಮೂಲಿ ಡೆಸ್ಕ್‌ಟಾಪ್‌ನದು. ‘ಎಸ್’ ಇದ್ದರೆ ಲ್ಯಾಪ್‌ಟಾಪ್‌ನದು, ಅಳತೆಯಲ್ಲೇ ಗಿಡ್ಡ. ‘ಆರ್’ ಇದ್ದರೆ ಸರ್ವರ್‌ನದು. ಈ ಸರ್ವರ್ ರ್‍ಯಾಮ್ ಡಿಡಿಆರ್3, ಡಿಡಿಆರ್4 ಎರಡರಲ್ಲೂ ಡೆಸ್ಕ್‌ಟಾಪ್ ಸ್ಲಾಟಿಗೆ ಸಲೀಸಾಗಿ ಕೂರುತ್ತದೆ, ಆದರೆ ಮನೆಯ ಬೋರ್ಡಿನಲ್ಲಿ ಆನ್ ಆಗುವುದಿಲ್ಲ. ಅಗ್ಗವಾಗಿ ಸಿಗುವುದಕ್ಕೆ ಕಾರಣವೂ ಅದೇ. ಅಂದ ಹಾಗೆ 12800 ಎಂಬ ದೊಡ್ಡ ಸಂಖ್ಯೆ ನೋಡಿ ಗಾಬರಿ ಬೇಡ. ಎಂಟರಿಂದ ಭಾಗಿಸಿ, 1600 ಸಿಗುತ್ತದೆ. 25600 ಎಂದಿದ್ದರೆ 3200.

ಡಿಡಿಆರ್3ಎಲ್ ಎಂಬ 1.35 ವೋಲ್ಟ್‌ನ ತಮ್ಮನೊಬ್ಬ ಇದ್ದಾನೆ. ಅವನು 1.5 ವೋಲ್ಟ್‌ನ ಹಳೇ ಬೋರ್ಡಿನಲ್ಲೂ ನಡೆಯುತ್ತಾನೆ. ತಿರುಗುಮುರುಗು ಮಾಡಬೇಡಿ. 6ನೇ ಪೀಳಿಗೆಯ ಕೆಲವು ಬೋರ್ಡುಗಳು ಡಿಡಿಆರ್3ಎಲ್ ಮಾತ್ರ ಕೇಳುತ್ತವೆ, ಅವುಗಳಿಗೆ 1.5 ವೋಲ್ಟ್‌ನದ್ದು ಹಾಕುವುದು ಪ್ರೊಸೆಸರ್‌ಗೆ ಒಳ್ಳೆಯದಲ್ಲ.

ಡಿಡಿಆರ್4: ಇನ್ನೊಂದು ಸ್ಟಿಕ್ ಸೇರಿಸಲಾ, ಹೊಸ ಜೋಡಿ ತರಲಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ‘8 ಜಿಬಿ ಇದೆ, ಇನ್ನೊಂದು 8 ಸೇರಿಸಿದರೆ ಸಾಕಲ್ವಾ?’

ಸಾಮಾನ್ಯವಾಗಿ ಸಾಕು. ಬೇರೆ ಬೇರೆ ಕಂಪನಿಯ ಸ್ಟಿಕ್ ಹಾಕಿದರೆ ಬೋರ್ಡೇನೂ ಮುನಿಸಿಕೊಳ್ಳುವುದಿಲ್ಲ, ಎರಡನ್ನೂ ನಿಧಾನದವನ ಹೆಜ್ಜೆಗೆ ಹೊಂದಿಸಿ ನಡೆಸುತ್ತದೆ. 2400ರ ಪಕ್ಕ 3200 ಹಾಕಿದರೆ ಎರಡೂ 2400ಕ್ಕೆ ಇಳಿಯುತ್ತವೆ. ತೊಂದರೆ ಶುರುವಾಗುವುದು ಎಕ್ಸ್‌ಎಂಪಿ (ಡಬ್ಬಿಯ ಮೇಲಿನ ಸ್ಪೀಡಿಗೆ ಏರಿಸುವ ಸೆಟ್ಟಿಂಗ್) ಆನ್ ಮಾಡಿ ಜಾಸ್ತಿ ಸ್ಪೀಡಿಗೆ ಎಳೆದಾಗ. ಜೋಡಿಯಾಗಿ ಮಾರುವ ಕಿಟ್‌ಗಳನ್ನು ಆ ಸ್ಪೀಡಿನಲ್ಲಿ ಒಟ್ಟಿಗೆ ಪರೀಕ್ಷಿಸಿರುತ್ತಾರೆ. ಬಿಡಿಯಾಗಿ ತಂದ ಎರಡಕ್ಕೆ ಆ ಭರವಸೆ ಇಲ್ಲ. ಒಂದೇ ಮಾಡೆಲ್ ನಂಬರ್ ಇದ್ದರೂ ಬೇರೆ ವರ್ಷದ ಸ್ಟಿಕ್‌ನೊಳಗೆ ಬೇರೆ ಕಂಪನಿಯ ಚಿಪ್ ಇರಬಹುದು.

ಹಾಗಾಗಿ ನನ್ನ ರೂಢಿ ಇದು: ಕಂಪ್ಯೂಟರ್ ಆಫೀಸ್ ಕೆಲಸಕ್ಕೆ, ಮಕ್ಕಳ ಓದಿಗೆ ಇದ್ದರೆ ಇರುವ ಸ್ಟಿಕ್‌ನ ಸ್ಪೀಡು, ವೋಲ್ಟೇಜು ನೋಡಿಕೊಂಡು ಅಂಥದೇ ಇನ್ನೊಂದು ಸೇರಿಸುತ್ತೇನೆ. ಗೇಮು, ವಿಡಿಯೋ ಎಡಿಟಿಂಗ್ ಇದ್ದು, ಸ್ಪೀಡು ಮುಖ್ಯವಾದರೆ ಹಳೆಯದನ್ನು ಮಾರಿ ಜೋಡಿ ಕಿಟ್ ತರಿಸುತ್ತೇನೆ. ಸ್ವಲ್ಪ ದುಡ್ಡು ಜಾಸ್ತಿ, ತಲೆನೋವು ಕಡಿಮೆ.

ಸ್ಪೀಡಿನ ವಿಷಯಕ್ಕೆ ಬಂದರೆ, ಎಲ್ಲಾ ಬೋರ್ಡುಗಳೂ ಡಬ್ಬಿಯ ಮೇಲಿನ ಸ್ಪೀಡನ್ನು ಕೊಡುವುದಿಲ್ಲ. ಎಚ್410, ಬಿ460 ಬೋರ್ಡಿನಲ್ಲಿ 10ನೇ ಪೀಳಿಗೆಯ ಐ3, ಐ5 ಇದ್ದರೆ 2666ಕ್ಕೆ ಬೇಲಿ. 3600ರ ರ್‍ಯಾಮ್ ತಂದರೂ ಅದು 2666ರಲ್ಲೇ ನಡೆಯುತ್ತದೆ. ಹಾಳಾಗುವುದಿಲ್ಲ, ಕೊಟ್ಟ ಹೆಚ್ಚಿನ ದುಡ್ಡು ಸುಮ್ನೆ ಹೋಗುತ್ತದೆ. ಬಿ560ರಿಂದ ಬಿ ಸಾಲಿನಲ್ಲಿ ಈ ಬೇಲಿ ತೆಗೆದರು. ಎಎಂಡಿಯ ಬಿ450, ಬಿ550ಗಳು ಈ ವಿಷಯದಲ್ಲಿ ಮೊದಲಿಂದಲೂ ಉದಾರಿಗಳು. ರೈಜೆನ್ 3000, 5000 ಸಾಲಿನ ಪ್ರೊಸೆಸರ್ ಇದ್ದರೆ 3200 ಅಥವಾ 3600ರ ಕಿಟ್ ಸರಿಯಾದ ಆಯ್ಕೆ. ಅದಕ್ಕಿಂತ ಮೇಲೆ ಹೋಗಿ ಪಡೆಯುವುದು ಬಹಳ ಇಲ್ಲ.

3200ರಲ್ಲೂ ಎರಡು ಜಾತಿ. ಲೇಬಲ್‌ನಲ್ಲಿ ಸಿಎಲ್16 ಎಂದು ಒಂದು, ಸಿಎಲ್22 ಎಂದು ಇನ್ನೊಂದು. ಸಿಎಲ್ ಎಂದರೆ ಕೇಳಿದ ಮೇಲೆ ಉತ್ತರ ಬರಲು ಕಾಯಬೇಕಾದ ಸುತ್ತುಗಳ ಲೆಕ್ಕ. ಅದನ್ನು 2000ದಿಂದ ಗುಣಿಸಿ ಸ್ಪೀಡಿನಿಂದ ಭಾಗಿಸಿದರೆ ನ್ಯಾನೋಸೆಕೆಂಡ್ ಸಿಗುತ್ತದೆ. 3200 ಸಿಎಲ್16ಕ್ಕೆ 10. 3200 ಸಿಎಲ್22ಕ್ಕೆ 13.75. 3600 ಸಿಎಲ್18ಕ್ಕೂ 10. ಡಿಡಿಆರ್5ರ 6000 ಸಿಎಲ್30ಕ್ಕೂ ಅದೇ 10. ಸಿಎಲ್ ಸಂಖ್ಯೆ ದೊಡ್ಡದು ಅಂತ ಡಿಡಿಆರ್5 ನಿಧಾನ ಎನ್ನುವವರಿಗೆ ಈ ಲೆಕ್ಕ ತೋರಿಸಿ. ಆದರೆ ಸಿಎಲ್22 ಸ್ಟಿಕ್‌ಗೆ ಅದರದ್ದೇ ಒಂದು ಗುಣವಿದೆ. ಅದು 1.2 ವೋಲ್ಟ್‌ನಲ್ಲೇ, ಬೋರ್ಡಿಗೆ ಸಾಮರ್ಥ್ಯ ಇದ್ದರೆ, ಯಾವ ಸೆಟ್ಟಿಂಗೂ ಮುಟ್ಟದೆ 3200ಕ್ಕೆ ಏರುತ್ತದೆ. ಬಯೋಸ್ (ಬೋರ್ಡಿನ ಸೆಟ್ಟಿಂಗ್ ಪುಟ) ಒಳಗೆ ಹೋಗಲು ಹೆದರುವವರ ಮನೆಗೆ ನಾನು ಕೊಡಿಸುವುದು ಅದನ್ನೇ.

ಸಿಎಲ್16 ತಂದವರು ಎಕ್ಸ್‌ಎಂಪಿ ಆನ್ ಮಾಡಲೇಬೇಕು. ಇಲ್ಲದಿದ್ದರೆ 2133ರಲ್ಲೋ 2666ರಲ್ಲೋ ಓಡುತ್ತಿರುತ್ತದೆ. ವರ್ಷಗಟ್ಟಲೆ ಹಾಗೇ ಓಡಿಸಿದವರಿದ್ದಾರೆ, ನಾನೂ ಒಂದು ವರ್ಷ ಓಡಿಸಿದ್ದೇನೆ. ಸಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ 1600 ಎಂದು ಕಂಡರೆ ಮಾತ್ರ ಅಂಗಡಿಯವನನ್ನು ಬೈಯಬೇಡಿ. ಅದು ತೋರಿಸುವುದು ಅರ್ಧ ಲೆಕ್ಕ. ಎರಡರಿಂದ ಗುಣಿಸಿದರೆ 3200 ಆಗುತ್ತದೆ.

ಒಂದು 16ಆ, ಎರಡು 8ಆ?

ಮಾಮೂಲಿ ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ರ್‍ಯಾಮ್‌ಗೆ ಎರಡು ದಾರಿ (ಚಾನೆಲ್) ಇರುತ್ತವೆ. ಒಂದೇ ಸ್ಟಿಕ್ ಹಾಕಿದರೆ ಒಂದು ದಾರಿ ಖಾಲಿ ಬಿದ್ದಿರುತ್ತದೆ. 3200ರ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು, ಎರಡು ಹಾಕಿದರೆ 51.2. ಬರೀ ಬರವಣಿಗೆ, ಬ್ರೌಸಿಂಗ್ ಮಾಡುವವರಿಗೆ ಇದು ಗೊತ್ತಾಗುವುದೇ ಇಲ್ಲ. ರೈಜೆನ್ 5600ಜಿ ಥರದ, ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್‌ನಲ್ಲೇ ಗೇಮ್ ಆಡುವವರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಗ್ರಾಫಿಕ್ಸ್ ಕೂಡ ಇದೇ ರ್‍ಯಾಮ್‌ನಿಂದ ಉಣ್ಣಬೇಕು. ಅಂಥವರು ಕಣ್ಣುಮುಚ್ಚಿ ಎರಡು ಸ್ಟಿಕ್ ತೆಗೆದುಕೊಳ್ಳಿ.

ಬೇರೆ ಗ್ರಾಫಿಕ್ಸ್ ಕಾರ್ಡ್ ಇದೆ, ಬೋರ್ಡಿನಲ್ಲಿ ಎರಡೇ ಸ್ಲಾಟ್ ಇದೆ, ಆರು ತಿಂಗಳಲ್ಲಿ 32ಕ್ಕೆ ಹೋಗುವ ಯೋಚನೆ ಇದೆ ಎಂದರೆ ಒಂದು 16 ತರುವುದು ತಪ್ಪಲ್ಲ. ಆದರೆ ಆ ‘ಆರು ತಿಂಗಳು’ ನಮ್ಮಲ್ಲಿ ಎಷ್ಟು ವರ್ಷ ಎಳೆಯುತ್ತದೆ ಎಂದು ನಿಮಗೇ ಗೊತ್ತು. 4ರ ಜೊತೆ 8 ಹಾಕುವವರಿಗೊಂದು ಮಾತು: ಇಂಟೆಲ್ ಬೋರ್ಡುಗಳಲ್ಲಿ 4ಕ್ಕೆ 4 ಸೇರಿ 8 ಜಿಬಿ ಎರಡು ದಾರಿಯಲ್ಲಿ ನಡೆಯುತ್ತದೆ, ಉಳಿದ 4 ಒಂಟಿ ದಾರಿಯಲ್ಲಿ. ನಷ್ಟವೇನಿಲ್ಲ.

ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಈಗಿನ ಬಹುತೇಕ ಬೋರ್ಡುಗಳಲ್ಲಿ ಹೀಗೆಯೇ. ಒಂದು-ಎರಡರಲ್ಲೋ ಮೂರು-ನಾಲ್ಕರಲ್ಲೋ ಪಕ್ಕಪಕ್ಕ ಹಾಕಿದರೆ ಎರಡೂ ಒಂದೇ ದಾರಿಗೆ ಬಂದು ನಿಲ್ಲುತ್ತವೆ.

ಡಿಡಿಆರ್5 ಬೋರ್ಡಿದ್ದರೆ

ಇಲ್ಲಿ ಆಯ್ಕೆ ಕಡಿಮೆ, ಎಡವುವ ಜಾಗ ಬೇರೆ. ಮೊದಲನೆಯದು, 8 ಜಿಬಿ ಸ್ಟಿಕ್ ಬೇಡ. ಡಿಡಿಆರ್5ರ 8 ಜಿಬಿ ಸ್ಟಿಕ್‌ನಲ್ಲಿ ನಾಲ್ಕೇ ಚಿಪ್ ಇರುತ್ತವೆ, ಒಳಗೆ ಮಾಹಿತಿ ಇಡುವ ‘ಬ್ಯಾಂಕು’ಗಳೂ ಅರ್ಧ. ಅದೇ ಸ್ಪೀಡಿನ 16 ಜಿಬಿ ಸ್ಟಿಕ್‌ಗಿಂತ ಅದು ಹಿಂದೆ ಬೀಳುತ್ತದೆ. ಡಿಡಿಆರ್5ಗೆ ಹೋಗುವವರು 16ರ ಎರಡು ತೆಗೆದುಕೊಳ್ಳಿ. ಕೈ ಬಿಗಿ ಇದ್ದರೆ 16ರ ಒಂದು ತಂದು ಆಮೇಲೆ ಸೇರಿಸಿ. ‘ಡಿಡಿಆರ್5 ಒಂದೇ ಸ್ಟಿಕ್ ಸಾಕು, ಒಳಗೇ ಎರಡು ಚಾನೆಲ್ ಇದೆ’ ಎಂದು ಮಾರುವವರು ಹೇಳುತ್ತಾರೆ. ಒಂದು ಸ್ಟಿಕ್‌ನ ದಾರಿಯನ್ನೇ ಅರ್ಧರ್ಧ ಸೀಳಿ ಎರಡು ಮಾಡಿರುವುದು ನಿಜ. ಒಟ್ಟು ಅಗಲ ಅಷ್ಟೇ, ಜಾಸ್ತಿಯಾಗಿಲ್ಲ.

ಎರಡನೆಯದು, ನಾಲ್ಕೂ ಸ್ಲಾಟ್ ತುಂಬುವ ಆಸೆ ಬಿಡಿ. ರೈಜೆನ್ 7000ಕ್ಕೆ ಎಎಂಡಿ ಅಧಿಕೃತವಾಗಿ ಹೇಳುವುದು ಎರಡು ಸ್ಟಿಕ್‌ಗೆ 5200, ನಾಲ್ಕಕ್ಕೆ 3600. 64 ಜಿಬಿ ಬೇಕಿದ್ದರೆ 32ರ ಎರಡು ತನ್ನಿ, 16ರ ನಾಲ್ಕಲ್ಲ. ಸ್ಪೀಡು ಹುಡುಕುವವರಿಗೆ ಎಎಂ5ರಲ್ಲಿ 6000 ಸಿಎಲ್30 ಕಿಟ್ ಹದವಾದದ್ದು. ಡಬ್ಬಿಯ ಮೇಲೆ ‘ಎಕ್ಸ್‌ಪೋ’ ಎಂದಿರಲಿ. ಅದು ಎಎಂಡಿಯವರ ಎಕ್ಸ್‌ಎಂಪಿ ಅಂದುಕೊಳ್ಳಿ. ಇಂಟೆಲ್‌ನ 12ನೇ ಪೀಳಿಗೆಗೆ ಅಧಿಕೃತ ಮಿತಿ 4800. ಎಚ್610 ಥರದ ಅಗ್ಗದ ಬೋರ್ಡಿದ್ದರೆ ಮಾಮೂಲಿ 4800, 5600ರ ಸ್ಟಿಕ್ ಸಾಕು.

ಮೂರನೆಯದು ಆಯ್ಕೆಯ ಮಾತಲ್ಲ, ಧೈರ್ಯದ ಮಾತು. ಎಎಂ5 ಬೋರ್ಡಿಗೆ ಹೊಸ ರ್‍ಯಾಮ್ ಹಾಕಿ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಗೇ ಇರುತ್ತದೆ. ಬೋರ್ಡು ರ್‍ಯಾಮ್‌ನ ನಾಡಿ ಹಿಡಿದು ನೋಡುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ರಬ್ಬರ್ ಅಂತೂ ಬೇಡವೇ ಬೇಡ.

ಹೊಸದಾಗಿ ಅಸೆಂಬಲ್ ಮಾಡಿಸುವವರು ಡಿಡಿಆರ್4 ಬೋರ್ಡಾ, ಡಿಡಿಆರ್5 ಬೋರ್ಡಾ ಎಂದು ಕೇಳುತ್ತಾರೆ. ಮೊದಲೆಲ್ಲ ಉತ್ತರ ಸುಲಭವಿತ್ತು: ದುಡ್ಡು ಕಡಿಮೆ ಇದ್ದರೆ ಡಿಡಿಆರ್4. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನು ಬಾಚಿಕೊಂಡು ರ್‍ಯಾಮ್ ಬೆಲೆ ಜಿಗಿಯಿತು. ಹಳೆಯದು ಅಗ್ಗ ಎಂಬ ಲೆಕ್ಕವೂ ಆಗ ಕೆಟ್ಟಿತು. ಹಾಗಾಗಿ ಬೋರ್ಡಿನ ಬೆಲೆಯನ್ನಷ್ಟೇ ನೋಡಬೇಡಿ. ಪ್ರೊಸೆಸರ್, ಬೋರ್ಡು, ರ್‍ಯಾಮ್ ಮೂರರ ಮೊತ್ತವನ್ನು ಎರಡೂ ಕಡೆ ಹಾಕಿ, ಕೊಳ್ಳುವ ದಿನದ ಬೆಲೆಯಲ್ಲಿ ಹೋಲಿಸಿ. ಮನೆಯಲ್ಲಿ ಒಳ್ಳೆಯ ಡಿಡಿಆರ್4 ಕಿಟ್ ಇದ್ದವರು ಅದು ಕೂರುವ ಬೋರ್ಡನ್ನೇ ಹುಡುಕಿ. ಏನೂ ಇಲ್ಲದವರು, ಐದಾರು ವರ್ಷ ಇಟ್ಟುಕೊಳ್ಳುವವರು, ವ್ಯತ್ಯಾಸ ತಾಳಿಕೊಳ್ಳುವಷ್ಟಿದ್ದರೆ ಡಿಡಿಆರ್5ಗೆ ಹೋಗಿ.

ದುಡ್ಡು ಕೊಡುವ ಮುಂಚೆ

ಬೋರ್ಡ್ ತಯಾರಕರ ವೆಬ್‌ಸೈಟಿನಲ್ಲಿ ಪ್ರತಿ ಮಾಡೆಲ್‌ಗೂ ‘ಕ್ಯುವಿಎಲ್’ ಎಂಬ ಪಟ್ಟಿ ಇರುತ್ತದೆ. ಅವರು ಹಾಕಿ ನೋಡಿ ಸರಿ ಎಂದ ರ್‍ಯಾಮ್‌ಗಳ ಪಟ್ಟಿ. ಅದರಲ್ಲಿದ್ದರೆ ನಿಶ್ಚಿಂತೆ. ಇಲ್ಲದಿದ್ದರೆ ನಡೆಯುವುದಿಲ್ಲ ಅಂತೇನಿಲ್ಲ, ಅವರು ಪರೀಕ್ಷಿಸಿಲ್ಲ ಅಷ್ಟೇ. ಮಾಮೂಲಿ ಸ್ಪೀಡಿನ ರ್‍ಯಾಮ್‌ಗೆ ನಾನು ಈ ಪಟ್ಟಿ ತೆರೆಯುವುದೂ ಇಲ್ಲ. ಡಿಡಿಆರ್5ರಲ್ಲಿ 6000 ದಾಟಿ ಹೋಗುವಾಗ ಮಾತ್ರ ತಪ್ಪದೆ ನೋಡುತ್ತೇನೆ.

ದೊಡ್ಡ ಗೋಪುರದಂಥ ಏರ್ ಕೂಲರ್ ಇದ್ದರೆ ರ್‍ಯಾಮ್‌ನ ಎತ್ತರ ಅಳೆಯಿರಿ. ಬಣ್ಣದ ದೀಪದ ಕಿರೀಟ ಹೊತ್ತ ಸ್ಟಿಕ್‌ಗಳು ಕೂಲರ್‌ನ ಫ್ಯಾನ್‌ಗೆ ತಾಗುತ್ತವೆ. ದೀಪಕ್ಕೆ ಕೊಡುವ ದುಡ್ಡಿನ ಬಗ್ಗೆ ನಾನೇನೂ ಹೇಳುವುದಿಲ್ಲ, ಮಗಳು ಓದುತ್ತಾಳೆ.

ತಂದು ಹಾಕಿದ ರಾತ್ರಿಯೇ ಮೆಮ್‌ಟೆಸ್ಟ್86 ಓಡಿಸಿ ಮಲಗಿ. ಪೆನ್‌ಡ್ರೈವ್‌ನಿಂದ ಬೂಟ್ ಆಗಿ ಮೆಮೊರಿ ಪರೀಕ್ಷಿಸುವ ಉಚಿತ ಸಾಧನ ಅದು. ಬೆಳಿಗ್ಗೆ ಒಂದೇ ಒಂದು ಎರರ್ ಕಂಡರೂ ಮೊದಲು ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಓಡಿಸಿ. ಆಗಲೂ ಎರರ್ ಬಂದರೆ ಒಂದೊಂದೇ ಸ್ಟಿಕ್ ಹಾಕಿ ಯಾವುದೆಂದು ಪತ್ತೆ ಮಾಡಿ, ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಕೊಟ್ಟುಬಿಡಿ. ಕಿಟ್ ಆಗಿದ್ದರೆ ಎರಡನ್ನೂ ಕೊಡಿ.

ಒಳ್ಳೆಯ ಕಂಪನಿಯ ರ್‍ಯಾಮ್‌ಗೆ ವಾರಂಟಿ ಎಷ್ಟೋ ವರ್ಷ ಇರುತ್ತದೆ. ಅಂಗಡಿಯವರು ಕೊಡುವ ಥರ್ಮಲ್ ಕಾಗದದ ಬಿಲ್ಲಿನ ಅಕ್ಷರ ಅಷ್ಟು ದಿನ ಬಾಳುವುದಿಲ್ಲ. ಅಂಗಡಿ ಮೆಟ್ಟಿಲು ಇಳಿಯುವ ಮುಂಚೆ ಬಿಲ್ಲಿನದೂ, ಸ್ಟಿಕ್‌ನ ಲೇಬಲ್ಲಿನದೂ ಒಂದು ಫೋಟೋ ತೆಗೆದುಕೊಳ್ಳಿ.